ಹಳೆ ಮನೆಯ ಹೊರಗೋಡೆಗೆ ಕಾರ್ಷರ್ ಕೆ2: ಎಲ್ಲಿ ಹೊಡೆಯಬಹುದು, ಎಲ್ಲಿ ಹೊಡೆಯಬಾರದು

ಪಾಚಿ, ಧೂಳು, ಹಳೆ ಬಣ್ಣದ ಪುಡಿ ಇವೆಲ್ಲ ಗೋಡೆ ಮೇಲೆ ಹಾಗೇ ಇರುವಾಗ ಎಷ್ಟು ದುಬಾರಿ ಎಕ್ಸ್‌ಟೀರಿಯರ್ ಎಮಲ್ಷನ್ ಹೊಡೆಸಿದರೂ ಅದು ಗೋಡೆಗೆ ಅಂಟುವುದಿಲ್ಲ, ಪುಡಿಗೆ ಅಂಟುತ್ತದೆ. ಆಮೇಲೆ ಪದರ ಪದರವಾಗಿ ಏಳುತ್ತದೆ. ಹಾಗಾಗಿ ಮನೆಯವರೇ ನಿಂತು ಕೆಲಸ ಮಾಡಿಕೊಳ್ಳುವ ಕಡೆ ಈಗ ಮೊದಲು ಬರುವುದು ಪ್ರೆಶರ್ ವಾಷರ್, ಅಂದರೆ ಜೋರು ಒತ್ತಡದಲ್ಲಿ ನೀರು ಚಿಮ್ಮಿಸಿ ತೊಳೆಯುವ ಯಂತ್ರ. ಜರ್ಮನಿಯ ಕಾರ್ಷರ್ ಕಂಪನಿಯ ಕೆ2 ಈ ಸಾಲಿನ ಚಿಕ್ಕ ಯಂತ್ರಗಳಲ್ಲಿ ಒಂದು. 1400 ವ್ಯಾಟ್, ಗರಿಷ್ಠ 110 ಬಾರ್ ಒತ್ತಡ, ಗಂಟೆಗೆ ಗರಿಷ್ಠ 360 ಲೀಟರ್ ನೀರು.

ಸಿಮೆಂಟ್ ಪ್ಲಾಸ್ಟರ್ ಗಟ್ಟಿಯಾಗಿರುವ ಮನೆ, ಕಲ್ಲಿನ ಕಾಂಪೌಂಡು, ಸೈಜುಗಲ್ಲಿನ ಪಾಯ, ಅಂಗಳದ ಚಪ್ಪಡಿ ಇವಕ್ಕೆ ಕೆ2 ಧಾರಾಳವಾಗಿ ಸಾಕು. ಇದಕ್ಕಿಂತ ದೊಡ್ಡದು ಬೇಕಿಲ್ಲ. ಆದರೆ 1898ರ ಪ್ಲೇಗಿನ ನಂತರ ತುಂಬಿಕೊಂಡ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಉಳಿದಿರುವ ಸುಣ್ಣದ ಗಾರೆಯ ಮನೆಗಳ ಗೋಡೆಗೆ ಇದನ್ನು ತಾಗಿಸಲೇಬಾರದು.

ಗೋಡೆ ಯಾವುದೆಂದು ಗೊತ್ತಾಗದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಬೀಗದ ಕೈಯಿಂದ ಗೀಚಿ ನೋಡಿ. ಸಿಮೆಂಟ್ ಆದರೆ ಬೂದು ಗೆರೆ ಬೀಳುತ್ತದೆ, ಅಷ್ಟೆ. ಸುಣ್ಣದ ಗಾರೆಯಾದರೆ ಬಿಳಿ ಪುಡಿ, ಮರಳು ಉದುರುತ್ತದೆ. ಅಂಥ ಗಾರೆಯ ಹಿಂದೆ ಇಟ್ಟಿಗೆಯನ್ನು ಮಣ್ಣಿನಲ್ಲೋ ಸುಣ್ಣದಲ್ಲೋ ಕಟ್ಟಿರುತ್ತಾರೆ. 110 ಬಾರ್ ನೀರು ಒಂದು ಕೂದಲೆಳೆ ಬಿರುಕು ಸಿಕ್ಕರೂ ಒಳಗೆ ನುಗ್ಗಿ, ಸಂದಿಯ ಮಣ್ಣನ್ನು ಕರಗಿಸಿ ಹೊರಗೆ ತರುತ್ತದೆ. ಹೊರಗಿನಿಂದ ಗೋಡೆ ಚೊಕ್ಕವಾಗಿ ಕಾಣುತ್ತದೆ. ಒಳಗೆ ಪ್ಲಾಸ್ಟರ್ ಇಟ್ಟಿಗೆಯ ಹಿಡಿತ ಬಿಟ್ಟಿರುತ್ತದೆ. ಇಂಥ ಗೋಡೆಗೆ ತೆಂಗಿನ ನಾರಿನ ಬ್ರಷ್ಷು, ಬಕೆಟ್ ನೀರು, ತಾಳ್ಮೆ. ಬೇರೆ ದಾರಿ ಇಲ್ಲ. ಸಿಮೆಂಟ್ ಗೋಡೆಯನ್ನೂ ಮೊದಲು ನಾಣ್ಯದಿಂದ ಅಡಿ ಅಡಿಗೂ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿ ಪ್ಲಾಸ್ಟರ್ ಒಡೆದು ತೆಗೆದು ಹೊಸದಾಗಿ ಮೆತ್ತಬೇಕು, ನೀರು ಹೊಡೆಯಬಾರದು.

ಕೆ2ರ ಕೆಲವು ಮಾದರಿಗಳ ಜೊತೆ ಡರ್ಟ್ ಬ್ಲಾಸ್ಟರ್ ಎಂಬ ತಿರುಗುವ ನಾಜಲ್ ಕೊಡುತ್ತಾರೆ. ಅದು ಕಲ್ಲಿಗೆ ಮಾತ್ರ. ಗ್ರಾನೈಟ್ ಚಪ್ಪಡಿ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಪಾಚಿಯನ್ನು ಅದು ಎತ್ತುವುದು ನೋಡಿದರೆ ಯಂತ್ರದ ಬೆಲೆ ಸಾರ್ಥಕ ಅನ್ನಿಸುತ್ತದೆ. ಅದನ್ನೇ ಪ್ಲಾಸ್ಟರಿಗೆ ಹಿಡಿದರೆ ಸುರುಳಿ ಸುರುಳಿ ಗೀರು ಬಿದ್ದು, ಎರಡು ಕೋಟ್ ಪುಟ್ಟಿಯ ಖರ್ಚು ತಲೆ ಮೇಲೆ ಬರುತ್ತದೆ. ಗೋಡೆಗೆ ನೀರನ್ನು ಬೀಸಣಿಗೆಯಂತೆ ಹರಡುವ ಫ್ಯಾನ್ ನಾಜಲ್ ಹಾಕಿ, ಎರಡಡಿ ದೂರದಿಂದ ಶುರು ಮಾಡಿ, ಅಗತ್ಯವಿದ್ದರೆ ಒಂದಡಿವರೆಗೆ ಹತ್ತಿರ ಬನ್ನಿ. ನೇರವಾಗಿ ಹೊಡೆಯದೆ ಓರೆಯಾಗಿ ಹಿಡಿಯಿರಿ.

ನಮ್ಮೂರಲ್ಲಿ ಕೆ2 ಕೈಕೊಡುವುದು ಹೆಚ್ಚಾಗಿ ನೀರಿನ ದೆಸೆಯಿಂದ. ಗಂಟೆಗೆ 360 ಅಂದರೆ ನಿಮಿಷಕ್ಕೆ 6 ಲೀಟರ್. ಓವರ್‌ಹೆಡ್ ಟ್ಯಾಂಕಿನಿಂದ ಒಳಗೆಲ್ಲ ತುಕ್ಕು ಕಟ್ಟಿದ ಹಳೆ ಅರ್ಧ ಇಂಚಿನ ಜಿಐ ಪೈಪಿನಲ್ಲಿ ಅಷ್ಟು ನೀರು ಬರದೇ ಇರಬಹುದು. 15 ಲೀಟರ್ ಬಕೆಟ್ಟನ್ನು ಆ ನಲ್ಲಿಯ ಕೆಳಗಿಡಿ. ಎರಡೂವರೆ ನಿಮಿಷದೊಳಗೆ ತುಂಬದಿದ್ದರೆ ಪಂಪಿಗೆ ಸಾಲದು. ಆಗ ಗಾಳಿ ಎಳೆದುಕೊಂಡು ಯಂತ್ರ ನಡುಗುತ್ತದೆ, ನೀರು ಬಿಟ್ಟು ಬಿಟ್ಟು ಚಿಮ್ಮುತ್ತದೆ, ಕೊನೆಗೆ ಸೀಲ್ ಹೋಗುತ್ತದೆ. ಸಕ್ಷನ್ ಹೋಸ್ ಪ್ರತ್ಯೇಕ ಕೊಂಡರೆ ಡ್ರಮ್ಮಿನಿಂದ ಎಳೆಸಬಹುದು, ಆದರೆ ಅರ್ಧ ಮೀಟರಿಗಿಂತ ಆಳದಿಂದ ಅದು ಎತ್ತುವುದಿಲ್ಲ. ಆದ್ದರಿಂದ ಸಂಪಿಗೆ ನೇರ ಇಳಿಸಬೇಡಿ, ಸಂಪಿನ ಮೋಟರಿನಿಂದ ಡ್ರಮ್ ತುಂಬಿಸಿಕೊಳ್ಳಿ. ಸ್ವಿಚ್ ಹಾಕುವ ಮೊದಲು ಗನ್ ಒತ್ತಿ ಹಿಡಿದು, ಗುಳ್ಳೆ ಇಲ್ಲದೆ ನೀರು ಬರುವ ತನಕ ಬಿಡಿ.

2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರನ್ನು ವಾಹನ ತೊಳೆಯಲು, ಗಿಡಕ್ಕೆ, ಕಟ್ಟಡ ಕೆಲಸಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶಿಸಿ, 5000 ರೂಪಾಯಿ ದಂಡ ಇಟ್ಟಿತ್ತು. ದಂಡ ಇರಲಿ ಬಿಡಲಿ, ಗೋಡೆಗೆ ಕಾವೇರಿ ನೀರು ಸುರಿಯುವುದು ಸರಿಯಲ್ಲ. ಮಳೆನೀರಿನ ತೊಟ್ಟಿ ಇದ್ದರೆ ಅದೇ ಒಳ್ಳೆಯದು; ಇನ್‌ಲೆಟ್ಟಿಗೆ ಫಿಲ್ಟರ್ ಹಾಕಲು ಮರೆಯಬೇಡಿ, ಮರಳಿನ ಒಂದು ಕಣ ಸಾಕು ನಾಜಲ್ ಕಟ್ಟಿಕೊಳ್ಳಲು.

ಕರೆಂಟಿನ ವಿಷಯ: 1400 ವ್ಯಾಟ್ ಅಂದರೆ ಆರು ಆಂಪಿಯರಿಗೂ ತುಸು ಹೆಚ್ಚು. ಹಳೆ ಮನೆಯ 5 ಆಂಪಿಯರ್ ಸಾಕೆಟ್ ಬಿಸಿಯಾಗಿ ಕರಗಬಹುದು. 15 ಆಂಪಿಯರ್ ಪಾಯಿಂಟು, ಸರಿಯಾದ ಅರ್ಥಿಂಗು, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂರೂ ಇಲ್ಲದೆ ಒದ್ದೆ ಅಂಗಳದಲ್ಲಿ ಈ ಯಂತ್ರ ನಡೆಸಬೇಡಿ. ಏಣಿ ಮೇಲೆ ನಿಂತೂ ಬೇಡ, ಗನ್ ಹಿಂದಕ್ಕೆ ತಳ್ಳುತ್ತದೆ.

ಮಂಗಳೂರು ಹೆಂಚಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದರೆ ನೀರು ಹೆಂಚಿನ ಅಡಿಗೆ ನುಗ್ಗಿ, ಹೆಂಚು ಕೂರುವ ಮರದ ಪಟ್ಟಿ (ರೀಪರ್) ನೆನೆಯುತ್ತದೆ. ಹಳೆ ಬಂಗಲೆಗಳ ಕಿಟಕಿ, ಪೋರ್ಟಿಕೋ ಮೇಲಿನ ಚೂಪು ಮುಂಚಾವಣಿಯಾದ ಮಂಕಿ ಟಾಪಿನ ಮರದ ಜಾಲರಿಗೆ ಬ್ರಷ್ಷೇ ಸರಿ. ಕಾರ್ ಷೆಡ್ಡಿನ ಹಳೆ ಆಸ್ಬೆಸ್ಟಾಸ್ ಶೀಟಿಗೆ ಖಂಡಿತ ಬೇಡ. ನಾರು ಕಿತ್ತು ಗಾಳಿಗೆ, ಮಣ್ಣಿಗೆ ಸೇರುತ್ತದೆ. ಗ್ರಿಲ್ಲು, ಗೇಟಿನ ಹಳೆ ಆಯಿಲ್ ಪೇಂಟ್ ಕೂಡ ಹಾಗೇ. ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳ ಚೂರು ಮಕ್ಕಳು ಆಡುವ ಜಾಗಕ್ಕೆ ಹಾರಬಾರದು.

ಪಾಚಿಯನ್ನು ಬರೀ ನೀರಿನಿಂದ ತೆಗೆದರೆ ಮೇಲಿನ ಹಸಿರು ಹೋಗುತ್ತದೆ, ಗೋಡೆಯ ಸಣ್ಣ ರಂಧ್ರಗಳೊಳಗಿನದು ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ 4-5 ಶೇಕಡಾ ಬ್ಲೀಚ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ, ಕೈಗವಸು, ಕನ್ನಡಕ ಹಾಕಿಕೊಂಡು ಬ್ರಷ್ಷಿನಲ್ಲಿ ಕೆಳಗಿನಿಂದ ಮೇಲಕ್ಕೆ ಬಳಿಯಿರಿ. ಮೇಲಿನಿಂದ ಬಳಿದರೆ ಒಣ ಗೋಡೆ ಮೇಲೆ ಇಳಿದ ಗೆರೆಗಳು ಉಳಿಯುತ್ತವೆ. ಹದಿನೈದು ನಿಮಿಷ ಬಿಟ್ಟು ಮೇಲಿನಿಂದ ತೊಳೆಯಿರಿ. ಬ್ಲೀಚನ್ನು ಯಂತ್ರದೊಳಗೆ ಹಾಯಿಸಬೇಡಿ, ಆಸಿಡ್ ಜೊತೆ ಎಂದೂ ಬೆರೆಸಬೇಡಿ.

ತೊಳೆದ ಮೇಲೆ ಪೇಂಟಿಗೆ ಅವಸರ ಬೇಡ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ಬೆಳಿಗ್ಗೆ ನೋಡಿ. ಒಳಗೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒದ್ದೆ. ಬಿಸಿಲು ಕಡಿಮೆ ಬೀಳುವ ಉತ್ತರದ ಗೋಡೆ ಮತ್ತು ಕಿಟಕಿ ಮೇಲಿನ ಸಜ್ಜೆಯ ಕೆಳಭಾಗಕ್ಕೆ ಈ ಪರೀಕ್ಷೆ ಬೇರೆಯಾಗಿ ಮಾಡಿ. ಈ ಕೆಲಸಕ್ಕೆ ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಕಾಲ: ಮಳೆ ನಿಂತಿರುತ್ತದೆ, ನೀರಿನ ತಾಪತ್ರಯ ಇನ್ನೂ ಶುರುವಾಗಿರುವುದಿಲ್ಲ.