‘ರೆಕಾರ್ಡ್ ಕ್ಲಿಯರ್ ಮಾಡಿಸ್ತೇನೆ’ ಅನ್ನುವವರ ಕೈಗೆ ಒಂದು ರೂಪಾಯಿ ಕೊಡಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಣ್ಣಪುಟ್ಟ ಹೊಡೆದಾಟದ ಕೇಸ್ ಇದ್ದವರಂತೂ ಓದಲೇಬೇಕು. ಕೇಸ್ ಮುಗಿಸಿ ಪೊಲೀಸ್ ರೆಕಾರ್ಡಿನಿಂದ ಹೆಸರು ತೆಗೆಸಿಕೊಡ್ತೇನೆ ಅಂತ ಒಬ್ಬ ಏಜೆಂಟ್ ನನ್ನಿಂದ 35,000 ರೂಪಾಯಿ ತಗೊಂಡ. ಹೆಸರು ಹೋಗಲಿಲ್ಲ. ಮೊದಲು ಬರೀ ಆರೋಪಿ ಆಗಿದ್ದೆ, ಈಗ ಅಪರಾಧಿ ಆಗಿದ್ದೇನೆ. ದುಡ್ಡು ಕೊಟ್ಟು ಅಪರಾಧಿ ಆಗಿದ್ದೇನೆ!

ಕೇಸ್ ದೊಡ್ಡದೇನಲ್ಲ. 2023ರಲ್ಲಿ ಬೈತಖೋಲ ಬಂದರಿನಲ್ಲಿ ಮೀನಿನ ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಒಬ್ಬನ ಜೊತೆ ಮಾತಿಗೆ ಮಾತು ಬೆಳೆಯಿತು. ಇಬ್ಬರಿಗೂ ಪೆಟ್ಟಾಯಿತು. ಅವನು ಮೊದಲು ಸ್ಟೇಷನ್ನಿಗೆ ಹೋದ, ನನ್ನ ಮೇಲೆ ಆಗಿನ ಐಪಿಸಿಯ 341, 323, 504, 506 ಕಲಂ ಬಿತ್ತು. ಅಂದರೆ ಅಡ್ಡಗಟ್ಟಿದ್ದು, ಹೊಡೆದದ್ದು, ಬೈದು ಕೆಣಕಿದ್ದು, ಬೆದರಿಸಿದ್ದು. ಆಮೇಲೆ ಇಬ್ಬರೂ ಸರಿಯಾದೆವು. ನನ್ನ ತಂಗಿ ಮದುವೆಗೆ ಅವನೇ ಬಂದು ಉಂಡು ಹೋಗಿದ್ದಾನೆ. ಕೋರ್ಟಿನಲ್ಲಿ ಮಾತ್ರ ಕೇಸ್ ಹಾಗೇ ಇತ್ತು.

ಅಷ್ಟರಲ್ಲಿ ನೌಕಾನೆಲೆಯೊಳಗೆ ಒಬ್ಬ ಗುತ್ತಿಗೆದಾರರ ಹತ್ತಿರ ವೆಲ್ಡಿಂಗ್ ಕೆಲಸ ಸಿಕ್ಕಿತು. ಒಳಗೆ ಹೋಗಲು ಪಾಸ್ ಬೇಕು, ಪಾಸಿಗೆ ಪೊಲೀಸ್ ವೆರಿಫಿಕೇಷನ್ ಬೇಕು. ಆಗ ಗಂಟುಬಿದ್ದವನು ಈ ಏಜೆಂಟ್. ವಕೀಲ ಅಲ್ಲ, ವಕೀಲರ ಗುಮಾಸ್ತನೂ ಅಲ್ಲ.

“ತಲೆಬಿಸಿ ಮಾಡ್ಬೇಡಿ ಮಾರಾಯ್ರೆ. ಕೋರ್ಟಲ್ಲಿ ತಪ್ಪಾಯ್ತು ಅನ್ನಿ, ದಂಡ ಕಟ್ಟಿ, ಅಲ್ಲಿಗೆ ಮುಗೀತು. ರೆಕಾರ್ಡ್ ನಾನು ನೋಡ್ಕೊಳ್ತೇನೆ” ಅಂದ. ರಾಜಿ ಆಗೋದಿಲ್ವಾ, ಫಿರ್ಯಾದಿನೂ ಒಪ್ತಾನೆ ಅಂತ ನಾನೇ ಕೇಳಿದೆ. “ರಾಜಿಗೆಲ್ಲ ವರ್ಷ ಹಿಡಿಯುತ್ತೆ. ನಿಮಗೆ ಕೆಲಸ ಅರ್ಜೆಂಟ್ ಅಲ್ವಾ?” ಈ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ.

ಅವನ ಮಾತು ನಂಬಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ದಂಡ ಕಟ್ಟಿದ ಮೇಲೆ ಅವನು ಒಂದು ಪ್ಲಾಸ್ಟಿಕ್ ಫೈಲು ಕೈಗಿಟ್ಟು, ‘ಇದೇ ನಿಮ್ಮ ಕ್ಲಿಯರೆನ್ಸ್’ ಅಂದ. ಛಾಪಾ ಕಾಗದ, ಕೆಂಪು ಸೀಲು, ಗುಂಡಗಿನ ಮೊಹರು, ನೋಡಲು ಭರ್ಜರಿ. ಅದನ್ನೇ ಗುತ್ತಿಗೆದಾರರ ಆಫೀಸಿನಲ್ಲಿ ಕೊಟ್ಟೆ. ಅಲ್ಲಿನ ಸೂಪರ್‌ವೈಸರ್ ಎಲ್ಲರೆದುರು ಗಟ್ಟಿಯಾಗಿ ಓದಿದರು. ‘ನನ್ನ ಮೇಲೆ ಯಾವುದೇ ಕೇಸ್ ಇರುವುದಿಲ್ಲ ಎಂದು ಈ ಮೂಲಕ ಪ್ರಮಾಣ ಮಾಡುತ್ತೇನೆ.’ ಕೆಳಗೆ ನನ್ನದೇ ಸಹಿ! ಕೋರ್ಟಿನ ಆದೇಶ ಅಲ್ಲ, ಪೊಲೀಸರ ಪತ್ರವೂ ಅಲ್ಲ. ಬರೀ ನೋಟರಿ ಅಫಿಡವಿಟ್. ರಾಶಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಇದನ್ನೂ ನಡುವೆ ಸೇರಿಸಿದ್ದ. ಅವರು ಪಕ್ಕದಲ್ಲೇ ಪೊಲೀಸ್ ವರದಿ ಇಟ್ಟರು. ತಪ್ಪೊಪ್ಪಿಗೆ ಮೇಲೆ ಶಿಕ್ಷೆ, ದಂಡ ಅಂತ ಸ್ಪಷ್ಟವಾಗಿ ಇತ್ತು. ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಪ್ರಮಾಣ ಮಾಡಿದವನು ಅನ್ನುವ ಹೆಸರೂ ಬಂತು. ಕೆಲಸ ಹೋಯಿತು.

ಫೋನ್ ಮಾಡಿದರೆ ಅವನ ಉತ್ತರ ಕೇಳಿ. “ಕೇಸ್ ಮುಗಿದಿದೆ ಅಲ್ವಾ? ನಾನು ಹೇಳಿದ್ದು ಅಷ್ಟೇ.” ರೆಕಾರ್ಡ್? “ಅದು ತನ್ನಿಂದ ತಾನೇ ಹೋಗುತ್ತೆ, ಸ್ವಲ್ಪ ಟೈಮ್ ಬೇಕು.” ದುಡ್ಡು ವಾಪಸ್ ಕೊಡಿ ಅಂದರೆ, “ಮೇಲಿನವರಿಗೆಲ್ಲ ಕೊಟ್ಟಾಗಿದೆ.” ರಶೀದಿ? “ಇಂಥ ಕೆಲಸಕ್ಕೆ ಯಾರು ರಶೀದಿ ಕೊಡ್ತಾರೆ ಮಾರಾಯ್ರೆ?” ಆಮೇಲೆ ನಂಬರ್ ಬ್ಲಾಕ್.

ನಂತರ ನಿಜವಾದ ವಕೀಲರ ಹತ್ತಿರ ಹೋದೆ. ಅವರು ಹೇಳಿದ್ದು ಕೇಳಿ ಹೊಟ್ಟೆ ಇನ್ನೂ ಉರಿಯಿತು. ಆ ನಾಲ್ಕೂ ಕಲಂ ರಾಜಿಗೆ ಬರುವಂಥವು. ಫಿರ್ಯಾದಿ ಒಪ್ಪಿ ರಾಜಿಯಾದರೆ ಕಾನೂನಿನ ಪ್ರಕಾರ ಅದು ಖುಲಾಸೆಗೆ ಸಮ. ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲದೆ ಮುಗಿಯುತ್ತಿತ್ತು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ದಂಡ ನೂರು ರೂಪಾಯಿ ಇದ್ದರೂ ಅದು ಶಿಕ್ಷೆಯೇ. ಒಪ್ಪಿಕೊಂಡ ಮೇಲೆ ಅಪೀಲಿಗೂ ಹೆಚ್ಚು ದಾರಿ ಇಲ್ಲ. ಶಿಕ್ಷೆ ಎಷ್ಟು, ಅದು ಕಾನೂನಿಗೆ ಸರಿಯೇ ಅನ್ನುವುದನ್ನಷ್ಟೇ ಕೇಳಬಹುದಂತೆ. ಮೊದಲ ಸಲದ ಸಣ್ಣ ತಪ್ಪಾದರೆ 1958ರ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡಿ ಅಂತಲಾದರೂ ಕೋರ್ಟನ್ನು ಕೇಳಬಹುದಿತ್ತು. ಕೇಳುವವರು ಯಾರು? ಪಕ್ಕದಲ್ಲಿ ವಕೀಲರೇ ಇರಲಿಲ್ಲ.

ಇನ್ನು ಹೆಸರು ಅಳಿಸುವ ವಿಷಯ. 18 ತುಂಬದ ಮಕ್ಕಳ ದಾಖಲೆ ನಾಶ ಮಾಡಲು 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮಂಥ ದೊಡ್ಡವರಿಗೆ ಅಂಥ ಕಾಯ್ದೆ ಇಲ್ಲ. ಇಲ್ಲದ್ದನ್ನೇ ಅವನು ಮಾರಿದ್ದು. 35,000ಕ್ಕೆ.

ನಿಮ್ಮ ಕೇಸ್ ಏನಾಯಿತು ಅಂತ ಯಾರೂ ಹೇಳಬೇಕಾಗಿಲ್ಲ, ಇ-ಕೋರ್ಟ್ಸ್ ಆ್ಯಪಿನಲ್ಲಿ ಪುಕ್ಕಟೆ ಕಾಣುತ್ತದೆ. ಆದೇಶದ ದೃಢೀಕೃತ ಪ್ರತಿ ಕೋರ್ಟಿನಲ್ಲೇ ಅರ್ಜಿ ಹಾಕಿ ತಗೊಳ್ಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಯಾರಾದರೂ ‘ಸುಮ್ನೆ ಒಪ್ಕೊಂಡ್ಬಿಡಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ನಾನು ಪೊಲೀಸರಿಗೆ ಲಿಖಿತ ದೂರು ಕೊಟ್ಟಿದ್ದೇನೆ. ಅವನ ವಾಯ್ಸ್ ಮೆಸೇಜು, ಫೋನ್‌ಪೇ ಸ್ಕ್ರೀನ್‌ಶಾಟ್ ಎಲ್ಲ ಅದಕ್ಕೆ ಜೋಡಿಸಿದ್ದೇನೆ. ನಿಮಗೂ ಯಾರಾದರೂ ಹೀಗೆ ಮಾಡಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ನೀವೂ ದೂರು ಕೊಡಿ.