ಅಮ್ಮನ ಹಲ್ಲಿನ ಸೆಟ್: ಎರಡು ಸಲ ಕಳಚಿದ ಹಲ್ಲು ಕೊನೆಗೂ ಗಟ್ಟಿಯಾಗಿ ಕೂತಿತು

ಅಮ್ಮನಿಗೆ ಪೂರ್ತಿ ಸೆಟ್ ಹಾಕಿಸಿ ಇನ್ನೂ ಏಳು ತಿಂಗಳಾಗಿರಲಿಲ್ಲ, ಕೋಡುಬಳೆ ಕಚ್ಚುವಾಗ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಇಡಿಯಾಗಿ ಕಳಚಿ ಕೈಗೆ ಬಂತು. ಹಲ್ಲು ಮುರಿದಿರಲಿಲ್ಲ. ಬುಡ ನುಣ್ಣಗಿತ್ತು, ವಸಡಿನ ಹಾಗೆ ಕಾಣುವ ಗುಲಾಬಿ ಬಣ್ಣದ ಅಕ್ರಿಲಿಕ್‌ನ (ಒಂದು ಬಗೆಯ ಪ್ಲಾಸ್ಟಿಕ್) ಒಂದು ಚೂರೂ ಅಂಟಿರಲಿಲ್ಲ. ಸೆಟ್ ಮಾಡಿಕೊಟ್ಟ ಕ್ಲಿನಿಕ್‌ನವರು "ಗಟ್ಟಿ ತಿಂಡಿ ತಿಂದ್ರೆ ಹೀಗೇ ಆಗೋದು" ಅಂದು ಅರ್ಧ ಗಂಟೆಯಲ್ಲಿ ಅಂಟಿಸಿಕೊಟ್ಟರು. ಮೂರು ವಾರಕ್ಕೆ ಅದೇ ಹಲ್ಲು ಮತ್ತೆ ಬಿತ್ತು. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡೋಕೆ ಶುರು ಮಾಡಿದ್ದರು. ನನಗೆ ತುಂಬಾ ಸಂಕಟವಾಯಿತು.

ಈ ಸಲ ಸ್ವಂತ ಲ್ಯಾಬ್ ಇರುವ ಒಂದು ಚಿಕ್ಕ ಕ್ಲಿನಿಕ್‌ಗೆ ಹೋದೆವು. ಡಾಕ್ಟರು ಹಲ್ಲಿನ ಬುಡ ತಿರುಗಿಸಿ ನೋಡಿ, "ಅಮ್ಮಾ, ತಪ್ಪು ಕೋಡುಬಳೇದಲ್ಲ" ಅಂದರು. ಪಿಂಗಾಣಿ ಹಲ್ಲಾದರೆ ಪಿನ್ನು, ತೂತುಗಳ ಹಿಡಿತದಲ್ಲೇ ನಿಲ್ಲಬೇಕು. ಆದರೆ ಅಮ್ಮನದು ಅಕ್ರಿಲಿಕ್ ಹಲ್ಲು, ಹಲ್ಲು ಕೂರುವ ಗುಲಾಬಿ ಪ್ಲೇಟೂ ಅಕ್ರಿಲಿಕ್, ಎರಡೂ ಒಂದಕ್ಕೊಂದು ಬೆಸೆದುಕೊಳ್ಳಲೇಬೇಕು. ಇಷ್ಟು ಚೊಕ್ಕವಾಗಿ ಬಿಟ್ಟುಕೊಂಡಿದೆ ಅಂದರೆ ನಡುವೆ ಏನೋ ಉಳಿದಿರಬೇಕು. ಸಾಮಾನ್ಯವಾಗಿ ಅದು ಮೇಣ. ಹಲ್ಲುಗಳನ್ನು ಮೊದಲು ಮೇಣದಲ್ಲಿ ಜೋಡಿಸಿ, ಆಮೇಲೆ ಬಿಸಿನೀರಲ್ಲಿ ಮೇಣ ಕರಗಿಸಿ, ಖಾಲಿಯಾದ ಅಚ್ಚಿಗೆ ಅಕ್ರಿಲಿಕ್ ತುಂಬಿ ಬೇಯಿಸುತ್ತಾರೆ. ಬುಡದಲ್ಲಿ ಮೇಣದ ತೆಳು ಪೊರೆ ಉಳಿದರೂ ಸಾಕು, ಹಿಡಿತ ಹೋಯಿತು. ಅಕ್ರಿಲಿಕ್ ಅಂಟದಿರಲಿ ಅಂತ ಅಚ್ಚಿಗೆ ಹಚ್ಚುವ ಆಲ್ಜಿನೇಟ್ ದ್ರವ ಹಲ್ಲಿಗೆ ತಾಗಿದರೂ ಅದೇ ಗತಿ. ಮುಂದಿನ ಹಲ್ಲಿಗೆ ಬುಡದ ಜಾಗವೂ ಕಮ್ಮಿ, ಅಲ್ವಾ?

ರಿಪೇರಿಯನ್ನು ನಾನೇ ನಿಂತು ನೋಡಿದೆ, ಅವರು ಬೇಡ ಅನ್ನಲಿಲ್ಲ. ಟೆಕ್ನಿಷಿಯನ್ ಹಳೇ ಅಂಟನ್ನೆಲ್ಲ ಕೆರೆದು, ಸೋಪು ಹಾಕಿದ ಬಿಸಿನೀರಲ್ಲಿ ಹಲ್ಲಿನ ಬುಡ ಉಜ್ಜಿ, ಅದರ ಹೊಳಪು ಹೋಗುವಷ್ಟು ತರಿದು, ಚಿಕ್ಕದೊಂದು ತೋಡು ಕೊರೆದರು. ಆಮೇಲೆ ಮಾನೊಮರ್ ಅನ್ನುವ, ಅಕ್ರಿಲಿಕ್ ಪುಡಿ ಕಲಸುವ ದ್ರವವನ್ನು ಬ್ರಷ್ಷಿನಲ್ಲಿ ಹಚ್ಚುತ್ತಾ ಮೂರು ನಿಮಿಷ ಹಸಿಯಾಗಿಯೇ ಇಟ್ಟರು. ಅದು ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದಂತೆ, ಆಗ ಹೊಸ ಅಕ್ರಿಲಿಕ್ ಒಳಗಿಳಿದು ಹಿಡಿಯುತ್ತದೆ. ಬೇಯಿಸಿದ ಅಕ್ರಿಲಿಕ್‌ನ ಹಿಡಿತವೇ ಜಾಸ್ತಿ, ಆದರೆ ಹಳೇ ಸೆಟ್ಟನ್ನು ಮತ್ತೆ ಬೇಯಿಸಿದರೆ ಸೊಟ್ಟಗಾಗುವ ಭಯ. ಅದಕ್ಕೇ ತಾನಾಗಿ ಗಟ್ಟಿಯಾಗುವ ಅಕ್ರಿಲಿಕ್ ಹಾಕಿ ಪ್ರೆಷರ್ ಪಾಟ್‌ನಲ್ಲಿ, ಅಂದರೆ ಒತ್ತಡ ಕೊಡುವ ಮುಚ್ಚಿದ ಪಾತ್ರೆಯಲ್ಲಿ ಇಟ್ಟರು.

ಬೇಸರ ಒಂದೇ. ಸೆಟ್ಟನ್ನು ಎರಡು ದಿನ ಇಟ್ಟುಕೊಂಡರು, ಅಷ್ಟೂ ದಿನ ಅಮ್ಮನಿಗೆ ಗಂಜಿಯೇ ಗತಿ. ಇದನ್ನು ಮೊದಲೇ ಫೋನಿನಲ್ಲಿ ಹೇಳಬಹುದಿತ್ತು. ಉಳಿದದ್ದಕ್ಕೆಲ್ಲ ಪೂರ್ತಿ ಅಂಕ ಕೊಡುತ್ತೇನೆ. ಐದು ತಿಂಗಳಾಯಿತು, ಹಲ್ಲು ಅಲ್ಲಾಡಿಲ್ಲ, ಸೆರಗೂ ಬಾಯಿಂದ ಇಳಿದಿದೆ.

ನಿಮ್ಮ ಮನೆಯಲ್ಲೂ ಹೀಗಾದರೆ ಅಂಗಡಿಯ ದಿಢೀರ್ ಅಂಟು ಮಾತ್ರ ಹಚ್ಚಬೇಡಿ, ಆಮೇಲೆ ಅದನ್ನು ತೆಗೆಯೋದೇ ದೊಡ್ಡ ಕೆಲಸ. ಬಿದ್ದ ಹಲ್ಲನ್ನು ಸುಮ್ನೆ ಒಂದು ಡಬ್ಬಿಯಲ್ಲಿ ಹಾಕಿ ಸೆಟ್ಟಿನ ಜೊತೆ ತೆಗೆದುಕೊಂಡು ಹೋಗಿ.