ಏಣಿನ ದಾರಿ ಸುಲಭ ಅಂತ ಬ್ರೇಕ್ ತುಳಿದುಕೊಂಡೇ ಇಳಿಯಬೇಡಿ

ಕೊಡಗಿನ ಮಾಂದಲಪಟ್ಟಿಯ ಜೀಪ್ ದಾರಿಯಂಥ, ಬೆಟ್ಟದ ಏಣು ಹಿಡಿದು ಸಾಗುವ ಕಾಡುದಾರಿಗಳಲ್ಲಿ ಹತ್ತುವಾಗ ಅಷ್ಟೇನೂ ತೊಂದರೆಯಿಲ್ಲ. ಗಾಡಿ ಕೈಕೊಡುವುದು ಇಳಿಯುವಾಗ. ಈಚೆಗೆ ಇಂಥದೇ ಒಂದು ಇಳಿಜಾರಿನಲ್ಲಿ, ಜನ ತುಂಬಿದ್ದ ಫ್ರಂಟ್ ವೀಲ್ ಡ್ರೈವ್ ಎಸ್‌ಯುವಿಯ ಬ್ರೇಕ್ ಪೆಡಲ್ ತಿರುವಿನಲ್ಲೇ ನೆಲಮುಟ್ಟಿತು. ಎಡಗಡೆಯ ಧರೆಗೆ, ಅಂದರೆ ಬೆಟ್ಟದ ಬದಿಯ ಮಣ್ಣಿನ ಗೋಡೆಗೆ, ಒರೆಸಿ ನಿಲ್ಲಿಸಿದ್ದರಿಂದ ಜೀವಗಳು ಉಳಿದವು. ಬಾಗಿಲು, ಕನ್ನಡಿ ಹೋದವು.

ಎರಡನೇ ಗೇರಿನಲ್ಲಿ, ಅಲ್ಲಲ್ಲಿ ಕ್ಲಚ್ ಒತ್ತಿ, ಬ್ರೇಕಿನ ಮೇಲಿಂದ ಕಾಲೇ ತೆಗೆಯದೆ ಬಂದದ್ದೇ ಕಾರಣ. ನಿಧಾನಕ್ಕೆ ಇಳಿಯುವಾಗ ಕಾದ ಬ್ರೇಕ್ ಡಿಸ್ಕ್ ಆರಲು ಗಾಳಿ ಸಾಲದು. ಆ ಕಾವು ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್ ದಾಟಿ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ನೀರಿನಂಶ ಹೀರಿದ ಹಳೆಯದು 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಈ ಮಿತಿ 230 ಮತ್ತು 155. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ, ನೀವು ಒತ್ತಿದ್ದೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚು.

ಸುಟ್ಟ ವಾಸನೆ ಬಂದ ಕೂಡಲೇ ನಿಲ್ಲಿಸಿ. ಪೆಡಲ್ ಗಟ್ಟಿಯಿದ್ದೂ ಗಾಡಿ ಹಿಡಿತಕ್ಕೆ ಬರದಿದ್ದರೆ ಡಿಸ್ಕಿಗೆ ಒತ್ತುವ ಬ್ರೇಕ್ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಒಳಕ್ಕಿಳಿದರೆ ಆಯಿಲ್ ಕುದಿದಿದೆ. ಆಗ ಪೆಡಲನ್ನು ಬೇಗಬೇಗ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪಸ್ವಲ್ಪವೇ ಎಳೆಯಿರಿ, ಧರೆಯ ಕಡೆಗೇ ವಾಲಿಸಿ. ನಿಂತಮೇಲೆ ಚಕ್ರದ ಮುಂದೆ ಕಲ್ಲಿಡಿ. ಕಾದ ಡಿಸ್ಕಿಗೆ ನೀರು ಎರಚಲೇಬೇಡಿ, ಬಿರುಕು ಬಿಡುತ್ತದೆ ಇಲ್ಲವೇ ಸೊಟ್ಟಗಾಗುತ್ತದೆ. ಅರ್ಧ ಗಂಟೆಯಾದರೂ ಆರಲಿ. ಪೆಡಲ್ ಮತ್ತೆ ಗಟ್ಟಿಯಾಯಿತೆಂದು ಮಾತ್ರ ನಂಬಿ ಹೊರಡಬೇಡಿ. ಅದೇ ಆಯಿಲ್ ಮುಂದಿನ ಇಳಿಜಾರಿನಲ್ಲಿ ಮತ್ತೆ ಕುದಿಯಬಹುದು.

ಇಳಿಯುವ ಮೊದಲೇ, ಸಮತಟ್ಟಿನಲ್ಲಿ ನಿಂತು, ನ್ಯೂಟ್ರಲ್‌ಗೆ ತಂದು 4ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋ ರೇಂಜ್ ಗೇರ್) ಹಾಕಿ. ಇದರಲ್ಲಿ ಚಕ್ರದ ವೇಗ ಎರಡರಿಂದ ಎರಡೂವರೆ ಪಟ್ಟು ತಗ್ಗುತ್ತದೆ, ಒಂದನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಕ್ಲಚ್ ಮುಟ್ಟಬೇಡಿ, ಮುಟ್ಟಿದರೆ ಆ ಹಿಡಿತ ತಪ್ಪಿತು. ಬ್ರೇಕ್ ಬೇಕಾದರೆ ಒತ್ತಿ ಬಿಡಿ, ಒತ್ತಿಕೊಂಡೇ ಇರಬೇಡಿ. 4ಎಲ್ ಇಲ್ಲದ ಗಾಡಿ ಒಂದನೇ ಗೇರಿನಲ್ಲೂ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ ಜನರನ್ನು ಇಳಿಸಿ ನಡೆಸಿ. ಬಾಡಿಗೆ ಜೀಪಿನಲ್ಲೇ ಹೋಗುವುದು ಇನ್ನೂ ಒಳ್ಳೆಯದು.

ಕಣಿವೆ ಬದಿಯ ಹುಲ್ಲನ್ನು ನಂಬಬೇಡಿ. ಮಳೆಯ ನಂತರ ಅದರಡಿಯ ಮಣ್ಣು ಕೊರೆದು ಪೊಳ್ಳಾಗಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. ಎದುರಿಗೆ ಹತ್ತುವ ಗಾಡಿ ಬಂದರೆ ಅದಕ್ಕೇ ಮೊದಲ ಹಕ್ಕು, ಆದರೆ ದಾರಿ ಬಿಡಲು ಹೋಗಿ ಅಂಚಿಗೆ ಚಕ್ರ ಇಳಿಸಬೇಡಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಗ್ಯಾರೇಜಿನವರ ಮೀಟರಿನಲ್ಲಿ ನೀರಿನಂಶ ಶೇ. 3 ಮುಟ್ಟಿದ್ದರೆ ಬದಲಿಸಿದ ಮೇಲೆಯೇ ಗುಡ್ಡ ಹತ್ತಿ.